2 ಮೀಟರ್ ದೂರ

ಗಲಾಪಗೋಸ್ ದ್ವೀಪಗಳಿಗೆ ಹೋಗಬೇಕು ಅಂತ ಎರಡು ತಿಂಗಳಿಂದ ಲೆಕ್ಕ ಹಾಕುತ್ತಿದ್ದೇನೆ. ಇವತ್ತು ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ, ಯಾರದೋ ಮೊಣಕೈ ಪಕ್ಕೆಗೆ ಚುಚ್ಚುತ್ತಿರುವಾಗಲೇ ಅಲ್ಲಿನ ನಿಯಮ ಓದಿದೆ: ಯಾವ ಪ್ರಾಣಿಯಿಂದಲೂ 2 ಮೀಟರ್ ದೂರ ಇರಬೇಕು. ನಗು ಬಂತು. ಇಲ್ಲಿ 2 ಇಂಚು ಸಿಕ್ಕರೆ ಪುಣ್ಯ ಅಲ್ವಾ!

ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು, ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1000 ಕಿ.ಮೀ. ಆಚೆ. ನನಗೆ ನೋಡಬೇಕಿರುವುದು ಅಲ್ಲಿನ ಕಡಲ ಇಗ್ವಾನಾ, ಉಡದಂಥ ಒಂದು ಪ್ರಾಣಿ. ಕಪ್ಪು ಲಾವಾ ಬಂಡೆ ಮೇಲೆ ಸುಮ್ನೆ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತದೆ. ನೀರಿಗಿಳಿದು ಪಾಚಿ ಮೇಯುತ್ತದೆ. ಜಾಸ್ತಿಯಾದ ಉಪ್ಪನ್ನು ಮೂಗಿನಿಂದ ಸೀನಿ ಹಾಕುತ್ತದೆ, ಅದು ತಲೆ ಮೇಲೆಯೇ ಬಿದ್ದು ಬೆಳ್ಳಗೆ ಒಣಗುತ್ತದೆ.

ಅಲ್ಲಿನ ನ್ಯಾಷನಲ್ ಪಾರ್ಕಿನ ಪ್ರವೇಶ ಶುಲ್ಕವೇ 200 ಡಾಲರ್. ವಿಮಾನದ ರೇಟು ಮನೆಯಲ್ಲಿ ಇನ್ನೂ ಹೇಳಿಲ್ಲ. ಫೋಟೋ ನೋಡಿದ ಅಮ್ಮ, "ಹಲ್ಲಿ ನೋಡೋಕೆ ಅಷ್ಟು ದೂರ ಯಾಕೋ? ಅಡುಗೆಮನೆಗೆ ಬಾ" ಅಂದಳು.