"ಒಂದೇ ಸಲ ಮೇಡಂ, ಹರ್ಪಿಸ್ ಬಂದಿರುತ್ತಾ?"

ಬಳ್ಳಾರಿಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಡಬ್ಬಿಗೆ ಹೆಸರು ಬರೆಯುವುದು, ರಿಪೋರ್ಟ್ ಕೊಡುವುದು, ಇಷ್ಟೇ ನನ್ನ ಕೆಲಸ. ಆದರೆ ವಾರಕ್ಕೊಬ್ಬರಾದರೂ ಕೌಂಟರಿಗೆ ಬಂದು, ಆ ಕಡೆ ಈ ಕಡೆ ನೋಡಿ, "ಸರ್ ಇಲ್ವಾ?" ಅನ್ನುತ್ತಾರೆ. ಸರ್ ಇಲ್ಲ, ನಾನೇ ಇರೋದು ಅಂದರೆ ಗೋಡೆಯ ಮೇಲಿನ ಥೈರಾಯ್ಡ್ ಪ್ಯಾಕೇಜಿನ ಪೋಸ್ಟರನ್ನು ಪೂರ್ತಿ ಓದುತ್ತಾರೆ. ಆಮೇಲೆ ಪ್ರಶ್ನೆ ಬರುತ್ತದೆ. ಹೋದ ವಾರ ಒಬ್ಬರ ಜೊತೆ ಒಂದೇ ಸಲ "ಹಂಗಾಯ್ತು", ಈಗ ಕೆಳಗೆ ಉರಿ. ಗೂಗಲ್ ಮಾಡಿದರೆ ಹರ್ಪಿಸ್ ಅಂತ ಬರ್ತಿದೆ. ಹೌದಾ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದು ಹಾಕಿದ್ದೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇರಬಹುದು, ಇಲ್ಲದೆಯೂ ಇರಬಹುದು. ಹರ್ಪಿಸ್ ಅಂದರೆ ಚರ್ಮಕ್ಕೆ ಚರ್ಮ ತಾಗಿ ಹತ್ತುವ ವೈರಸ್ಸು, ಒಂದೇ ಸಲ ಅಂತ ಅದು ರಿಯಾಯಿತಿ ಕೊಡಲ್ಲ. ಒಂದು ಸಲಕ್ಕೇ ಬಂದೇ ಬರುತ್ತೆ ಅಂತಲೂ ಇಲ್ಲ. ಬಂದರೆ ಸಾಮಾನ್ಯವಾಗಿ 2ರಿಂದ 12 ದಿನದೊಳಗೆ ತೋರಿಸಿಕೊಳ್ಳುತ್ತದೆ. ಮೊದಲು ಜುಮುಜುಮು, ಉರಿ. ಆಮೇಲೆ ಒಂದೇ ಕಡೆ ಗುಂಪಾಗಿ ಸಣ್ಣ ನೀರುಗುಳ್ಳೆ. ಅವು ಒಡೆದು ಹುಣ್ಣಾಗುತ್ತವೆ, ಮುಟ್ಟಿದರೆ ನೋವು, ಮೂತ್ರ ಮಾಡಿದರೆ ಉರಿ. ಮೊದಲ ಸಲ ಜ್ವರ, ತೊಡೆಸಂದಿಯಲ್ಲಿ ಗಂಟು ಕೂಡ ಬರಬಹುದು. ಆದರೆ ಎಷ್ಟೋ ಜನಕ್ಕೆ ಇದ್ಯಾವುದೂ ಆಗಲ್ಲ, ಅಥವಾ ಆಗಿದ್ದು ಗೊತ್ತೇ ಆಗಲ್ಲ. ಕಾಂಡೋಮ್ ಹಾಕಿದ್ದರೆ ಅಪಾಯ ಕಡಿಮೆ, ಪೂರ್ತಿ ಹೋಗಲ್ಲ. ಅದು ಮುಚ್ಚದ ಜಾಗದ ಚರ್ಮದಿಂದಲೂ ಹತ್ತಬಹುದು.

ಹಾಗಂತ ತುರಿಸಿದ್ದೆಲ್ಲ ಹರ್ಪಿಸ್ ಅಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲು, 40 ಡಿಗ್ರಿ, ಮೇಲೆ ಬಿಗಿ ಜೀನ್ಸ್. ಊರ ತುಂಬ ಜೀನ್ಸ್ ಹೊಲೀತಾರೆ ಅಂತ ಬೇಸಿಗೆಯಲ್ಲೂ ಅದನ್ನೇ ಹಾಕಬೇಕಾ? ತೊಡೆಸಂದು ತುರಿಸದಿದ್ದರೇ ಆಶ್ಚರ್ಯ.

ಅಂಥದೇ ಒಂದು ಬೇಸಿಗೆಯಲ್ಲಿ ತೋರಣಗಲ್ಲು ಕಡೆಯ ಹುಡುಗನೊಬ್ಬ ಬಂದ. ಶಿಫ್ಟ್ ಮುಗಿಸಿ ನೇರ ಬಂದಿದ್ದ, ಶೂ ಮೇಲೆ ಕೆಂಪು ಧೂಳು ಹಾಗೇ ಇತ್ತು. ಹೊಸಪೇಟೆಯ ಲಾಡ್ಜು, ಒಂದು ರಾತ್ರಿಯ ಕಥೆ. ಮೂರನೇ ದಿನಕ್ಕೇ ಎಲ್ಲೋ ಟೆಸ್ಟ್ ಮಾಡಿಸಿದ್ದ. ಐಜಿಎಂ ಅನ್ನೋ ರಕ್ತದ ಟೆಸ್ಟ್ ಸ್ವಲ್ಪ ಪಾಸಿಟಿವ್. ಅವತ್ತಿನಿಂದ ನಿದ್ದೆ ಇಲ್ಲ. ಹೇಳೋಕೆ ಬಾಯಿ ಬರದೆ ಫೋನ್ ತೆಗೆದು ಕೌಂಟರ್ ಮೇಲಿಟ್ಟ. ಫೋಟೋ. ಜೂಮ್ ಬೇರೆ ಮಾಡಿದ್ದ. ಪಕ್ಕದಲ್ಲಿ ಊಟದ ನಂತರದ ಶುಗರ್‌ಗೆ ಕೂತಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಏನ್ ತಮ್ಮಾ ಅದು, ಸುಟ್ಕಂಡೀಯಾ?"

ನಾನು ಫೋನು ಬೋರಲು ಹಾಕಿದೆ. ಅಜ್ಜಿ ಬಿಡಬೇಕಲ್ಲ. "ಬೆವರುಸಾಲೆ ಇದ್ದಂಗೈತೆ. ಏನ್ ಹಚ್ಚಿದಿ?"

"ಸ್ಯಾನಿಟೈಜರ್."

"ಕೈಗೆ ಹಚ್ಚೋದಾ?"

"ಹೂಂ."

ಅಜ್ಜಿ ಹಣೆ ಬಡಿದುಕೊಂಡಳು. ಅವನನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅವರೂ ಅಜ್ಜಿ ಹೇಳಿದ್ದನ್ನೇ ಹೇಳಿದರಂತೆ, ಫೀಸು ಮಾತ್ರ ಜಾಸ್ತಿ.

ಅವನ ರಿಪೋರ್ಟಿನ ವಿಷಯಕ್ಕೆ ಬರೋಣ, ಯಾಕಂದರೆ ಜನ ಹೆಚ್ಚು ದುಡ್ಡು ಕಳೆಯುವುದು ಇಲ್ಲೇ. ಹರ್ಪಿಸ್‌ಗೆ ಐಜಿಎಂ ನಂಬುವಂಥ ಟೆಸ್ಟಲ್ಲ. ಹಳೆಯ ಸೋಂಕಿಗೂ ಪಾಸಿಟಿವ್ ಬರುತ್ತೆ, ಸೋಂಕೇ ಇಲ್ಲದವರಿಗೂ ಬರುತ್ತೆ. ಐಜಿಜಿ ಅನ್ನೋ ಇನ್ನೊಂದು ರಕ್ತದ ಟೆಸ್ಟ್ ಪರವಾಗಿಲ್ಲ, ಆದರೆ ಮೂರನೇ ದಿನಕ್ಕೆ ಅದರಿಂದ ಏನೂ ತಿಳಿಯಲ್ಲ. ಕೆಲವರಿಗೆ ರಕ್ತದಲ್ಲಿ ಕಾಣೋಕೆ 12ರಿಂದ 16 ವಾರ ಬೇಕು. ಇನ್ನೊಂದು ಮಜಾ ಇದೆ. ಹರ್ಪಿಸ್ ವೈರಸ್ಸಿನಲ್ಲಿ ಎರಡು ಬಗೆ. ಜ್ವರ ಬಂದಾಗ ಕೆಲವರ ತುಟಿ ಮೇಲೆ ಗುಳ್ಳೆ ಏಳುತ್ತಲ್ಲ, ಅದು ಹೆಚ್ಚಾಗಿ ಒಂದನೇ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಲ್ಲಿ, ಜಗತ್ತಿನ 50 ವರ್ಷದೊಳಗಿನವರಲ್ಲಿ ಶೇ. 64ರಷ್ಟು ಜನಕ್ಕೆ ಅದಿದೆ. ಅಂದರೆ ಲಾಡ್ಜಿನಲ್ಲಿ ಬಂತು ಅಂತ ನೀವು ಅಳುತ್ತಿರುವುದು, ಚಿಕ್ಕಂದಿನಲ್ಲಿ ನಿಮ್ಮ ಸೋದರತ್ತೆ ಕೊಟ್ಟ ಮುತ್ತಿನಿಂದ ಬಂದದ್ದೂ ಇರಬಹುದು.

ಹಾಗಾದರೆ ಈ ಟೆಸ್ಟ್ ನೀವ್ಯಾಕೆ ಮಾಡ್ತೀರಿ ಅಂತ ಕೇಳಬೇಡಿ. ಡಾಕ್ಟರ್ ಚೀಟಿ ತಂದರೆ ಮಾಡ್ತೀನಿ. ಚೀಟಿ ಇಲ್ಲದೆ ಬಂದವರಿಗೆ ಬೇಡ ಅಂತೀನಿ, ನಮ್ಮ ಮಾಲೀಕರು ಮುಖ ಗಂಟಿಕ್ಕಿದರೂ. ಗುಳ್ಳೆ, ಹುಣ್ಣು ಇದ್ದರೆ ಅದು ಹಸಿ ಇರುವಾಗಲೇ ಡಾಕ್ಟರಿಗೆ ತೋರಿಸಿ. ಅದರಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿದರೆ ಸರಿಯಾಗಿ ಗೊತ್ತಾಗುತ್ತೆ. ವೈರಸ್ಸನ್ನು ಹತ್ತಿಕ್ಕುವ ಅಸೈಕ್ಲೋವಿರ್ ಮಾತ್ರೆಯೂ ಬೇಗ ಶುರು ಮಾಡಿದಷ್ಟು ಒಳ್ಳೆಯದು. ವೈರಸ್ಸು ನರದೊಳಗೆ ಉಳಿದುಕೊಳ್ಳುತ್ತೆ, ಮತ್ತೆ ಬರಬಹುದು, ಆದರೆ ವರ್ಷ ಕಳೆದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಸರ್ಕಾರಿ ದೊಡ್ಡಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ (ಲೈಂಗಿಕ ರೋಗಗಳಿಗೆ ನೋಡುವ ಜಾಗ) ಇದಕ್ಕೆ ಕೆಂಪು ಬಣ್ಣದ ಮಾತ್ರೆ ಕಿಟ್ ಕೊಡ್ತಾರೆ, ಪುಕ್ಕಟೆ. ಖಾಸಗಿ ಲ್ಯಾಬಿನವಳಾಗಿ ಇದನ್ನು ಹೇಳ್ತಿದ್ದೀನಿ, ನೆನಪಿರಲಿ.

ಹುಣ್ಣಿಲ್ಲ, ಬರೀ ಭಯ ಇದೆ ಅಂದರೆ ಹರ್ಪಿಸ್ ಬಿಡಿ, ಎಚ್‌ಐವಿ ಮತ್ತು ಸಿಫಿಲಿಸ್ ಬಗ್ಗೆ ಕೇಳಿ. ಕಾಂಡೋಮ್ ಇಲ್ಲದೆ ಆಗಿ ಇನ್ನೂ 72 ಗಂಟೆ ದಾಟಿಲ್ಲ ಅಂದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಡಾಕ್ಟರಿಗೆ ಬೇಕು ಅನಿಸಿದರೆ ಎಚ್‌ಐವಿ ತಡೆಯುವ 28 ದಿನದ ಮಾತ್ರೆ ಕೊಡ್ತಾರೆ. ಮುಖ ತೋರಿಸೋಕೆ ನಾಚಿಕೆ ಇದ್ದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಹೇಳುವಾಗ ತಾಳ್ಮೆ ಇರುತ್ತೆ. ತಾಳ್ಮೆ ಕೆಡೋದು ಒಂದು ಮಾತಿಗೆ. "ಆದ್ರೆ ಮೇಡಂ, ಆ ಹುಡುಗಿ ನೋಡೋಕೆ ಕ್ಲೀನ್ ಇದ್ಳು." ಹೂಂ, ನೀವು? ನಿಮ್ಮನ್ನು ನೋಡಿ ಅವಳೂ ಹಾಗೇ ಅಂದುಕೊಂಡಿರಬಹುದಲ್ವಾ? ಗುಳ್ಳೆ ಇಲ್ಲದಾಗಲೂ ಈ ವೈರಸ್ ದಾಟುತ್ತೆ, ಕೊಟ್ಟವರಿಗೇ ಗೊತ್ತಿರಲ್ಲ. ಎಷ್ಟೋ ವರ್ಷ ಸುಮ್ನಿದ್ದು ಆಮೇಲೆ ಏಳುತ್ತೆ. ಹಾಗಾಗಿ ಮದುವೆಯಾಗಿ ಹತ್ತು ವರ್ಷಕ್ಕೆ ಹೆಂಡತಿಗೆ ಗುಳ್ಳೆ ಬಂತು ಅಂತ ಅವಳ ಫೋನ್ ಚೆಕ್ ಮಾಡೋಕೆ ಹೋಗಬೇಡಿ. ನಿಮ್ಮ ಕಾಲೇಜು ದಿನಗಳನ್ನು ನೆನೆಸಿಕೊಳ್ಳಿ.

"ನನಗೆ ಬಂತಾ?" ಅಂತ ಎಲ್ಲರೂ ಕೇಳ್ತಾರೆ. "ನನ್ನಿಂದ ಹೋಗುತ್ತಾ?" ಅಂತ ಕೇಳಿದವರು ಒಬ್ಬರೇ ನೆನಪಿಗೆ ಬರ್ತಾರೆ. ಸಂಡೂರು ಕಡೆ ಅದಿರು ಲಾರಿ ಓಡಿಸೋರು. ಪೋಸ್ಟರ್ ಓದಲಿಲ್ಲ, ಸರ್ ಎಲ್ಲಿ ಅನ್ನಲಿಲ್ಲ. "ಅಕ್ಕಾ, ಡಾಕ್ಟರು ಹರ್ಪಿಸ್ ಅಂದಾರೆ. ಮನ್ಯಾಗ ಏಳು ತಿಂಗಳ ಬಸುರಿ. ಅವಳಿಗೇನಾದ್ರೂ ಆಗ್ತೈತಾ?"

ಆಗಬಹುದು ಅಂದೆ. ಕೊನೆಯ ತಿಂಗಳುಗಳಲ್ಲಿ ತಾಯಿಗೆ ಹೊಸದಾಗಿ ಹತ್ತಿದರೆ ಹೆರಿಗೆ ಹೊತ್ತಿಗೆ ಮಗುವಿಗೆ ಹೋಗುವ ಅಪಾಯ ಜಾಸ್ತಿ. ಅಪರೂಪ, ಆದರೆ ಹೋದರೆ ಕೂಸಿನ ಜೀವಕ್ಕೇ ಕುತ್ತು. ಅವಳಿಗೆ ಮೊದಲೇ ಇದ್ದರೆ ಅಪಾಯ ಬಹಳ ಕಡಿಮೆ, ಆದರೆ ಅದು ಗೊತ್ತಾಗೋದು ಅವಳನ್ನೂ ನೋಡಿದ ಮೇಲೆ. ಅಲ್ಲಿವರೆಗೆ ದೂರ ಇರಿ, ಹೆರಿಗೆ ಡಾಕ್ಟರಿಗೆ ಈಗಲೇ ಹೇಳಿ, ಮುಂದಿನದು ಅವರು ನೋಡಿಕೊಳ್ಳುತ್ತಾರೆ.

"ಡಾಕ್ಟರಿಗೆ ಹೇಳ್ತೀನಿ. ಅವಳಿಗೆ ಹೇಳದಿದ್ರ ನಡಿಯಲ್ಲೇನಕ್ಕಾ?"

"ನಡಿಯಲ್ಲ."

"ಬೈತಾಳೆ."

"ಬೈಸ್ಕೊಳ್ರಿ," ಅಂದೆ. "ನಾಳೆ ಒಪಿಡಿ ಒಂಬತ್ತಕ್ಕೆ. ಇಬ್ಬರೂ ಹೋಗ್ರಿ."