ಚಿಗವ್ವನ ವಿಳಾಸದಲ್ಲಿದ್ದ ಹೆಸರು

ಮೇ 23, 2025, ಶುಕ್ರವಾರ
ಬೋರಿವಲಿ, ಮುಂಬಯಿ. ರಾತ್ರಿ ಹತ್ತೂವರೆ.

ಇವತ್ತು ಆಫೀಸಿಗೆ ರಜೆ ಹಾಕಿ ಪಾಲಘರ್ ಜಿಲ್ಲೆಯ ತಲಾಸರಿಗೆ ಹೋಗಿ ಬಂದೆ. ಕಾಲು ಸೋತಿದೆ, ಕಣ್ಣು ಎಳೆಯುತ್ತಿದೆ. ಆದರೂ ಬರೆಯದೆ ಮಲಗಲು ಮನಸ್ಸಿಲ್ಲ. ಎಂಬತ್ತು ವರ್ಷದ ಹಿಂದೆ, ಇದೇ ಮೇ 23ರಂದು, ಅಲ್ಲಿನ ಝರಿ ಅನ್ನೋ ಹಳ್ಳಿಯಲ್ಲಿ ವಾರಲಿ ಆದಿವಾಸಿಗಳ ಒಂದು ಸಭೆ ನಡೆದಿತ್ತು. ಅದಕ್ಕೇ ಹೋದದ್ದು.

ಮೊದಲು ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ವಿಷಯ ಹೇಳಬೇಕು. ನಮ್ಮದು ಸೋಲಾಪುರ. ಅಕ್ಕಲಕೋಟ ಕಡೆಗೆ ಹೋದಂತೆ ಈಗಲೂ ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ಚಿಗವ್ವ ಮದುವೆಯಾಗಿ ಬಂದ ವರ್ಷದಿಂದಲೇ ಬೀಡಿ ಸುತ್ತಲು ಕೂತಳು. ರಾತ್ರಿ ಎಲೆ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು. ಆಮೇಲೆ ತೊಡೆ ಮೇಲೆ ಮೊರ. ಚಿಟಿಕೆ ತಂಬಾಕು, ಒಂದು ಸುತ್ತು, ದಾರದ ಎರಡು ಎಳೆ, ಕೊನೆಗೆ ಬೀಡಿಯ ಬಾಯನ್ನು ಹೆಬ್ಬೆರಳ ಉಗುರಿನಿಂದ ಒಳಕ್ಕೆ ಮಡಚುವುದು. ದಿನಕ್ಕೆ ಸಾವಿರ. ಅವಳ ಬಲಗೈ ಹೆಬ್ಬೆರಳ ಉಗುರು ಇವತ್ತಿಗೂ ಒಂದು ಕಡೆ ವಾಲಿದೆ. ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು, ಉಗುರು ನೆಟ್ಟಗಾಗಲೇ ಇಲ್ಲ.

ಸುತ್ತಿದ ಬೀಡಿ ಕೊಡಲು ಹೋದಾಗ ಅಲ್ಲಿನ ಗುಮಾಸ್ತ ಕಟ್ಟು ಬಿಚ್ಚಿ ನೋಡುತ್ತಿದ್ದ. ಇದು ಸಡಿಲ, ಇದು ಗಿಡ್ಡ ಅಂತ ಬೇರೆ ತೆಗೆದಿಡುತ್ತಿದ್ದ. ಹಾಗೆ ತೆಗೆದದ್ದಕ್ಕೆ ಕೂಲಿ ಇಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಚಿಗವ್ವ ಒಂದೂ ಮಾತಾಡಲಿಲ್ಲ. ಬಾಯಿ ತೆಗೆದರೆ ನಾಳೆ ಕೊಡುವ ಎಲೆಯೇ ಕೆಟ್ಟದ್ದು ಬರುತ್ತದೆ ಅಂತ ದಾರಿಯಲ್ಲಿ ಹೇಳಿದಳು.

2006ರಲ್ಲಿ ಅವಳಿಗೆ ಸೋಲಾಪುರದ ಹತ್ತಿರದ ಕುಂಭಾರಿಯಲ್ಲಿ ಸ್ವಂತ ಮನೆ ಸಿಕ್ಕಿತು. ಬೀಡಿ ಹೆಂಗಸರಿಗೆ ಅಂತಲೇ ಕಟ್ಟಿದ ಹತ್ತು ಸಾವಿರ ಮನೆಗಳಲ್ಲಿ ಅದೂ ಒಂದು. ಕಾರ್ಮಿಕ ಮುಖಂಡ ಆಡಂ ಮಾಸ್ತರರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಮೋರ್ಚಾ ಹೋಗಿ ಪಡೆದದ್ದು. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ದುಡ್ಡು ಹಾಕಿದವು. ಉಳಿದದ್ದು ಈ ಹೆಂಗಸರು ತಾವೇ ಕಟ್ಟಿದರು. ಆ ವಸಾಹತಿನ ಹೆಸರು ಕಾಮ್ರೇಡ್ ಗೋದುತಾಯಿ ಪರುಳೇಕರ್. ಶಾಲೆಯ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ಎಲ್ಲದರ ಮೇಲೆ ಚಿಗವ್ವನ ಪರವಾಗಿ ಆ ವಿಳಾಸ ಬರೆದವಳು ನಾನೇ. ಬಹಳ ದಿನ ಅದು ಯಾವುದೋ ದೇವಿಯ ಹೆಸರು ಅಂದುಕೊಂಡಿದ್ದೆ.

ಮುಂಬಯಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ, ದಾದರ್‌ನಲ್ಲಿ ಹಳೇ ಪುಸ್ತಕ ನೋಡುತ್ತಾ ನಿಂತಾಗ ಆ ಹೆಸರು ಮತ್ತೆ ಕಣ್ಣಿಗೆ ಬಿತ್ತು. ವಾರಲಿ ಆದಿವಾಸಿಗಳ ಹೋರಾಟದ ಬಗ್ಗೆ ಅವರೇ ಮರಾಠಿಯಲ್ಲಿ ಬರೆದ ಪುಸ್ತಕ. 1970ರಲ್ಲಿ ಬಂದದ್ದು, 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ‘ಮನುಷ್ಯ ಎಚ್ಚರವಾದಾಗ’ ಅನ್ನುವ ಅರ್ಥದ ಹೆಸರು. ಒಂದು ತಿಂಗಳು ಲೋಕಲ್ ಟ್ರೈನಿನಲ್ಲಿ ಅದನ್ನೇ ಓದಿದೆ.

ಗೋದಾವರಿ, ಅಂದರೆ ಗೋದುತಾಯಿ, ಹುಟ್ಟಿದ್ದು 1907ರಲ್ಲಿ, ಪುಣೆಯ ಗೋಖಲೆ ಮನೆತನದಲ್ಲಿ. ಅಪ್ಪ ಹೆಸರಾಂತ ವಕೀಲರು. ಮಗಳೂ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, ಆಮೇಲೆ ಕಾನೂನು ಪದವಿ ಪಡೆದರು. 1932ರಲ್ಲಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅಪ್ಪನಿಗೆ ಅದು ಹಿಡಿಸಲಿಲ್ಲ. ಬಿಡುಗಡೆಯಾದ ಮೇಲೆ ಮುಂಬಯಿಗೆ ಬಂದು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಅನ್ನುವ ಸಮಾಜಸೇವಾ ಸಂಸ್ಥೆ ಸೇರಿದರು. ಅದರ ಆಜೀವ ಸದಸ್ಯೆಯಾದ ಮೊದಲ ಹೆಂಗಸು ಅವರು. ಊರೂರಿಗೆ ಹೋಗಿ ದೊಡ್ಡವರಿಗೆ ಅಕ್ಷರ ಕಲಿಸಿದರು. ಇದೇ ಮುಂಬಯಿಯಲ್ಲಿ ಮನೆಗೆಲಸದವರ ಸಂಘ ಕಟ್ಟಿದರು. ಅದೂ 1938ರ ಹೊತ್ತಿಗೆ! ನಮ್ಮ ಬಿಲ್ಡಿಂಗಿನಲ್ಲಿ ಪಾತ್ರೆ ತೊಳೆಯಲು ಬರುವವರಿಗೆ ವಾರದ ರಜೆ ಇರಬೇಕು ಅನ್ನೋ ಮಾತು ಇವತ್ತಿಗೂ ಯಾವ ಮೀಟಿಂಗಿನಲ್ಲೂ ಬಂದಿಲ್ಲ. ಮುಂದಿನ ಸಲ ನಾನು ಎತ್ತುತ್ತೇನೆ.

1939ರಲ್ಲಿ ಶಾಮರಾವ್ ಪರುಳೇಕರ್ ಜೊತೆ ಮದುವೆ. ಕೊಂಕಣದ ಖೋತಿ ಜಮೀನ್ದಾರಿಕೆಯ ವಿರುದ್ಧ ಡಾ. ಅಂಬೇಡ್ಕರ್ 1938ರಲ್ಲಿ ಮುಂಬಯಿಯಲ್ಲಿ ದೊಡ್ಡ ರೈತ ಮೋರ್ಚಾ ತೆಗೆದರಲ್ಲ, ಅದರಲ್ಲಿ ಅವರ ಜೊತೆ ಇದ್ದವರು ಈ ಶಾಮರಾವ್. ಗಂಡ ಹೆಂಡತಿ ಇಬ್ಬರೂ ಕಮ್ಯುನಿಸ್ಟ್ ಪಕ್ಷ ಸೇರಿದರು. ಯುದ್ಧದ ಕಾಲದಲ್ಲಿ ಇಬ್ಬರೂ ಜೈಲು ಕಂಡರು.

ಇಷ್ಟನ್ನು ಓದಿದಾಗ ಗೌರವ ಬಂತು, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾರಲಿಗಳ ಭಾಗ.

ಬೆಳಿಗ್ಗೆ ಡಹಾಣು ಲೋಕಲ್ ಹಿಡಿದೆ. ವಿರಾರ್ ದಾಟಿದ ಮೇಲೆ ಗಾಡಿ ಖಾಲಿಯಾಯಿತು. ವೈತರಣಾ, ಸಫಾಳೆ, ಪಾಲಘರ್, ಬೋಯಿಸರ್. ಮೋಡ ಕವಿದಿತ್ತು. ಡಹಾಣು ರೋಡಿನಲ್ಲಿ ಇಳಿದಾಗ ಒಬ್ಬಾಕೆ ಬುಟ್ಟಿಯಲ್ಲಿ ಚಿಕ್ಕು ಮಾರುತ್ತಿದ್ದಳು. ಅಲ್ಲಿಂದ ತಲಾಸರಿಗೆ ಷೇರ್ ಜೀಪು, ಮುಂದೆ ಝರಿಗೆ ರಿಕ್ಷಾ. ತಲಾಸರಿಯಲ್ಲಿ ಗೋದಾವರಿ ಶಾಮರಾವ್ ಪರುಳೇಕರ್ ಹೆಸರಿನ ಕಾಲೇಜು ಇದೆ. ರಜೆ ಇದ್ದುದರಿಂದ ಗೇಟಿನ ಹೊರಗೆ ನಿಂತೇ ನೋಡಿದೆ. ಓದು ಬರಹ ಅಂದರೆ ಏನು ಅಂತಲೇ ಗೊತ್ತಿಲ್ಲದ ಜನರ ನಡುವೆ ಅವರು ಹೋದಾಗ ಇಲ್ಲಿ ಶಾಲೆಯೇ ಅಪರೂಪ.

ಆಗಿನ ಉಂಬರಗಾಂವ್, ಡಹಾಣು ತಾಲೂಕುಗಳಲ್ಲಿ ಎರಡು ಪದ್ಧತಿ ಇದ್ದವು. ಒಂದು ವೇಠ. ನಮ್ಮ ಬಿಟ್ಟಿ ಚಾಕರಿಯೇ ಅದು. ಜಮೀನ್ದಾರನ ಗದ್ದೆ ಉತ್ತು, ನೆಟ್ಟು ಮುಗಿಸಿದ ಮೇಲೆಯೇ ತನ್ನ ಗದ್ದೆ. ಕೂಲಿ ಕೇಳುವಂತಿಲ್ಲ. ಇನ್ನೊಂದು ಲಗ್ನಗಡಿ. ಮದುವೆಗೆ ಅಂತ ಜಮೀನ್ದಾರನ ಹತ್ತಿರ ಒಂದಿಷ್ಟು ಸಾಲ ತಂದರೆ ಮುಗಿಯಿತು, ಗಂಡ ಹೆಂಡತಿ ಇಬ್ಬರೂ ಅವನ ಮನೆಯ ಜೀತದಾಳುಗಳು. ಅಂಥವರನ್ನೂ ಲಗ್ನಗಡಿ ಅಂತಲೇ ಕರೆಯುತ್ತಿದ್ದರು. ಲೆಕ್ಕ ಇರುವುದು ಅವನ ಪುಸ್ತಕದಲ್ಲಿ. ಅದು ತೀರುವ ಸಾಲವೇ ಅಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮಲ್ಲಿ ಹೇಳುತ್ತಾರಲ್ವಾ. ಇಲ್ಲಿ ಮದುವೆ ಮಾಡಿಕೊಂಡವನು ತನ್ನ ಇಡೀ ಜನ್ಮವನ್ನೇ ಒತ್ತೆ ಇಡುತ್ತಿದ್ದ.

ಗೋದುತಾಯಿ ಈ ಊರುಗಳಿಗೆ ನಡೆದುಕೊಂಡು ಹೋದರು. ಗುಡಿಸಲಲ್ಲೇ ಮಲಗಿದರು, ಅವರು ಕೊಟ್ಟದ್ದನ್ನೇ ಉಂಡರು, ಅವರ ಮಾತು ಕಲಿತರು. ಮೊದಮೊದಲು ಜನ ನಂಬಲಿಲ್ಲ. ಬಿಳಿ ಬಟ್ಟೆಯವರು ಬಂದರೆ ಏನೋ ಕಿತ್ತುಕೊಳ್ಳಲೇ ಬಂದಿರುತ್ತಾರೆ ಅನ್ನೋದು ಅವರ ಅನುಭವ. 1945ರ ಜನವರಿಯಲ್ಲಿ ಟಿಟ್ವಾಳಾದಲ್ಲಿ ಕಿಸಾನ್ ಸಭಾ ಅನ್ನುವ ರೈತ ಸಂಘಟನೆಯ ಸಮ್ಮೇಳನ ನಡೆಯಿತು. ಅಲ್ಲಿಗೆ ಕೆಲವು ವಾರಲಿಗಳು ಬಂದರು. ತಮ್ಮ ಪಾಡನ್ನು ಊರ ಹೊರಗಿನವರ ಎದುರು ಹೇಳಿಕೊಂಡರು. ನಾಲ್ಕೇ ತಿಂಗಳಿಗೆ ಝರಿಯ ಸಭೆ. ಸುಮಾರು ಐದು ಸಾವಿರ ಜನ ಸೇರಿದ್ದರು. ಬಿಟ್ಟಿ ದುಡಿಯುವುದಿಲ್ಲ. ದಿನಕ್ಕೆ 12 ಆಣೆ ನಗದು ಕೊಟ್ಟರಷ್ಟೇ ಗದ್ದೆಗೆ ಇಳಿಯುತ್ತೇವೆ. ಇಷ್ಟೇ ತೀರ್ಮಾನ. ಆಮೇಲೆ ಕೆಂಪು ಬಾವುಟ ಹಿಡಿದು ಊರಿಂದ ಊರಿಗೆ ಹೋಗಿ ಲಗ್ನಗಡಿಗಳನ್ನು ಜೀತದಿಂದ ಬಿಡಿಸಿ ಕರೆದುಕೊಂಡು ಬಂದರು. ತಲೆಮಾರುಗಳಿಂದ ಇದ್ದ ಪದ್ಧತಿ ಕೆಲವೇ ವಾರಗಳಲ್ಲಿ ಕುಸಿಯಿತು.

ಝರಿಯಲ್ಲಿ ಚಹಾ ಕುಡಿಯಲು ಕೂತಾಗ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ಎಲ್ಲಿಂದ ಬಂದೆ, ಯಾಕೆ ಬಂದೆ ಅಂತ ವಿಚಾರಿಸಿದರು. ಹೇಳಿದೆ. ‘ನಮ್ಮ ಬಾಯಿನಾ?’ ಅಂದರು. ಬಾಯಿ ಅಂದರೆ ಗೋದುತಾಯಿ. ಅವರ ಮಾವ ಆ ಸಭೆಗೆ ಹೋಗಿದ್ದರಂತೆ. ಮಾವನ ಅಪ್ಪ ಲಗ್ನಗಡಿ. ಹುಲ್ಲಿನ ವಿಷಯ ಬಂತು. ಮಳೆಗಾಲ ಮುಗಿದ ಮೇಲೆ ಇಲ್ಲಿನ ಹುಲ್ಲು ಕೊಯ್ದು ಮುಂಬಯಿಗೆ ಕಳಿಸುತ್ತಿದ್ದರು, ಎಮ್ಮೆ ದನಗಳ ತಬೇಲಾಗಳಿಗೆ. ಅಜ್ಜಿ ಎಡಗೈ ಮುಂದೆ ಚಾಚಿ ತೋರಿಸಿದರು. ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕುಡುಗೋಲು ತನ್ನ ಕಡೆಗೇ ಎಳೆಯಬೇಕು. ಕೈ ತಪ್ಪಿದರೆ ಕಿರುಬೆರಳಿಗೆ ಬೀಳುತ್ತದೆ. ಅವರ ಕಿರುಬೆರಳ ಮೇಲೆ ಬಿಳಿ ಗೆರೆಗಳು, ಒಂದರ ಮೇಲೊಂದು. ನಾನು ಎಣಿಸಲು ಹೋದೆ, ಏಳಕ್ಕೆ ನಿಲ್ಲಿಸಿದೆ. ಚಿಗವ್ವನ ಉಗುರು ನೆನಪಾಯಿತು.

1945ರ ಅಕ್ಟೋಬರ್‌ನಲ್ಲಿ ವಾರಲಿಗಳು ಕೇಳಿದ್ದು 500 ಪೌಂಡ್ ಹುಲ್ಲಿಗೆ ಎರಡೂವರೆ ರೂಪಾಯಿ. ನಾನು ಲೆಕ್ಕದ ಕೆಲಸದವಳು, ಕೂತಲ್ಲೇ ಲೆಕ್ಕ ಹಾಕಿದೆ. 500 ಪೌಂಡ್ ಅಂದರೆ ಹತ್ತಿರ ಹತ್ತಿರ 227 ಕಿಲೋ. ಇಷ್ಟು ಹುಲ್ಲು ಕೊಯ್ದು, ಒಣಗಿಸಿ, ಹೊರೆ ಕಟ್ಟಿದರೆ ಎರಡೂವರೆ ರೂಪಾಯಿ. ಅದನ್ನು ಕೇಳಿದ್ದಕ್ಕೆ ಗುಂಡು ಹಾರಿತು.

ತಲವಾಡಾ ಅನ್ನುವ ಊರಿನ ಆ ಘಟನೆ ಓದಿದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ. ಗೋದುತಾಯಿ ಸಭೆಗೆ ಬರುತ್ತಾರೆ, ಅವರ ಜೀವಕ್ಕೆ ಅಪಾಯವಿದೆ, ಬೇಗ ಬನ್ನಿ ಅಂತ ಜಮೀನ್ದಾರರ ಕಡೆಯವರು ಸುಳ್ಳು ಸುದ್ದಿ ಹಬ್ಬಿಸಿದರು. ಪೊಲೀಸರಿಗೆ ಆದಿವಾಸಿಗಳು ದಂಗೆ ಏಳುತ್ತಿದ್ದಾರೆ ಅಂತ ಹೇಳಿದರು. ಸಾವಿರಾರು ಜನ ಓಡಿ ಬಂದರು. ಗೋದುತಾಯಿ ಅಲ್ಲಿ ಇರಲೇ ಇಲ್ಲ. ಪೊಲೀಸರು ಗುಂಡು ಹಾರಿಸಿದರು. ಐದು ಜನ ಸತ್ತರು. ಅವರಲ್ಲಿ ಒಬ್ಬರ ಹೆಸರು ಜೇಠ್ಯಾ ಗಾಂಗಡ್. ಈ ಹೆಸರನ್ನು ಕನ್ನಡದಲ್ಲಿ ಒಮ್ಮೆಯಾದರೂ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ತಮ್ಮ ಗೋದುತಾಯಿಗೆ ಏನೋ ಆಗುತ್ತದೆ ಅಂತ ಓಡಿ ಬಂದ ಜನ ಅವರು.

ಅಷ್ಟಾದರೂ ವಾರಲಿಗಳ ಹುಲ್ಲು ಕೊಯ್ಲಿನ ಮುಷ್ಕರ ನಿಲ್ಲಲಿಲ್ಲ. ನನಗೆ ಮುಖ್ಯ ಅನಿಸುವುದು ಇದೇ. ಪುಣೆಯ ಓದಿದ ಹೆಣ್ಣುಮಗಳು ಬಂದು ಬಡವರನ್ನು ಉದ್ಧಾರ ಮಾಡಿದರು ಅಂತ ಇದನ್ನು ಹೇಳಿದರೆ ತಪ್ಪಾಗುತ್ತದೆ. ಅವರ ಪುಸ್ತಕದಲ್ಲಿ ವಾರಲಿಗಳೇ ಎದ್ದು ಕಾಣುತ್ತಾರೆ. ಆಗುವುದಿಲ್ಲ ಅನ್ನೋ ಮಾತು ಆ ಜನರ ಬಾಯಿಂದ ಬರುವವರೆಗೆ ಗೋದುತಾಯಿ ಅಲ್ಲೇ ಇದ್ದರು. ಬಂದ ಮೇಲೂ ಬಿಟ್ಟು ಹೋಗಲಿಲ್ಲ. ಸರ್ಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತು, ಮತ್ತೆ ಬಂದರು. ಕಮ್ಯುನಿಸ್ಟರು ಅಂದ ಕೂಡಲೇ ಕಿವಿ ಮುಚ್ಚಿಕೊಳ್ಳುವ ಗೆಳೆಯರು ನನಗೂ ಇದ್ದಾರೆ. ಅವರು ಈ ಹನ್ನೆರಡು ಆಣೆಯ ಕತೆಯನ್ನಾದರೂ ಕೇಳಲಿ.

1957ರಲ್ಲಿ ಶಾಮರಾವ್ ಠಾಣೆಯಿಂದ ಲೋಕಸಭೆಗೆ ಆರಿಸಿ ಬಂದರು. 1965ರಲ್ಲಿ ಮುಂಬಯಿಯ ಆರ್ಥರ್ ರೋಡ್ ಜೈಲಿನಲ್ಲೇ ತೀರಿಕೊಂಡರು. ಸಾತ್ ರಸ್ತಾದ ಬಸ್ಸಿನಲ್ಲಿ ಆ ಗೋಡೆಯ ಪಕ್ಕ ಎಷ್ಟು ಸಲ ಹಾದು ಹೋಗಿದ್ದೇನೆ, ಗೊತ್ತೇ ಇರಲಿಲ್ಲ. ಗೋದುತಾಯಿ ಆಮೇಲೂ ಮೂವತ್ತೊಂದು ವರ್ಷ ಬದುಕಿದರು. ಆದಿವಾಸಿ ಮಕ್ಕಳ ಓದಿಗೆ ದುಡಿದರು, ಕಾಡಿನ ಜಮೀನಿಗೆ ಹೋರಾಡಿದರು. 1986ರಲ್ಲಿ ಅಖಿಲ ಭಾರತ ಕಿಸಾನ್ ಸಭಾದ ಅಧ್ಯಕ್ಷರಾದರು. 1996ರ ಅಕ್ಟೋಬರ್ 8ರಂದು ತೀರಿಕೊಂಡರು.

ವಾಪಸ್ ಬರುವಾಗ ಪಾಲಘರ್ ದಾಟಿದ ಮೇಲೆ ಮಳೆ ಶುರುವಾಯಿತು. ಮನೆಗೆ ಬಂದು ಒಂದಿಷ್ಟು ಅನ್ನ ಮಾಡಿ ಉಂಡು ಚಿಗವ್ವನಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ಹುಲ್ಲು, ಹನ್ನೆರಡು ಆಣೆ, ಲಗ್ನಗಡಿ, ಅಜ್ಜಿಯ ಬೆರಳು. ಅವಳು ನಡುವೆ ಮಾತಾಡಲೇ ಇಲ್ಲ. ಫೋನ್ ಕಟ್ಟಾಯಿತೇನೋ ಅಂತ ‘ಚಿಗವ್ವಾ’ ಅಂದೆ.

‘ಇದ್ದೀನವ್ವಾ, ಹೇಳು. ನಮ್ಮ ಗೋದುತಾಯಿ ಇಷ್ಟೆಲ್ಲಾ ಮಾಡ್ಯಾಳೇನು?’

‘ಹೂಂ. ಜನ ಮಾಡಿದ್ರು, ಆಕಿ ಜೋಡಿ ಇದ್ಲು.’

‘ಹನ್ನೆರಡಾಣೆ ಕೊಟ್ರ ಗದ್ದಿಗಿ ಇಳೀತೀವಿ ಅಂದ್ರಾ?’

‘ಅಂದ್ರು. ಐದು ಸಾವಿರ ಮಂದಿ ಒಮ್ಮೆಲೆ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಾವೂ ಅಂದೀವಿ ಬಿಡು. ಮನೀ ಸಲುವಾಗಿ ಮೋರ್ಚಾಕ್ಕ ಹೋದಾಗ ನಾ ಎಲ್ಲಾರಕಿಂತಾ ಮುಂದ ನಿಂತಿದ್ದೆ. ನಿಮ್ಮ ಕಾಕಾಗ ಗೊತ್ತಿದ್ದಿಲ್ಲ.’

ಇದನ್ನು ಅವಳು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಆ ಗುಮಾಸ್ತನ ಎದುರು ತಲೆ ತಗ್ಗಿಸಿ ನಿಂತಿದ್ದ ಚಿಗವ್ವನನ್ನೇ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ.

ನಾಳೆ ಸಂಜೆ ಓಣಿಯ ಹೆಂಗಸರಿಗೆಲ್ಲ ಹೇಳುತ್ತಾಳಂತೆ. ಪಕ್ಕದ ಮನೆಯ ತೆಲುಗಿನವರಿಗೂ.

‘ಆ ಊರ ಹೆಸರು ಏನಂದಿ?’

‘ಝರಿ.’

‘ಝರಿ,’ ಅಂದಳು. ಮರೆಯಬಾರದು ಅಂತ ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಉಂಡಿಯಾ ಅಂತ ಕೇಳಿ ಫೋನ್ ಇಟ್ಟಳು.