ಹಳೇ ವಿಳಾಸ ಬಿಡದ ಫೋನು

ಎರಡು ದಿನದಿಂದ ಮನೆಯ ಇಂಟರ್ನೆಟ್ ಫೋನ್ ಮೂಕವಾಗಿತ್ತು. ವೈಫೈ ಚೆನ್ನಾಗಿದೆ, ಅಮ್ಮನ ಧಾರಾವಾಹಿ ಸಲೀಸಾಗಿ ಓಡುತ್ತಿದೆ, ಫೋನ್ ಮಾತ್ರ ರಿಜಿಸ್ಟರ್ ಆಗುತ್ತಿಲ್ಲ, ಅಂದರೆ ಫೋನ್ ಸೇವೆಯ ಸರ್ವರ್ ಜೊತೆ ಸಂಪರ್ಕ ಸಿಗುತ್ತಿಲ್ಲ. ದೂರದೂರಿನಿಂದ ಅಕ್ಕ ದಿನಾ ಸಂಜೆ ಅದಕ್ಕೇ ಮಾಡುವುದು. ಎರಡು ಸಂಜೆ ಅಮ್ಮ ಅದರ ಪಕ್ಕದಲ್ಲೇ ಕೂತಿದ್ದಳು.

ನಿನ್ನೆ ರಾತ್ರಿ ರೂಟರ್ ಒಳಗೆ ಹೋಗಿ ನ್ಯಾಟ್ ಪಟ್ಟಿ ತೆಗೆದು ನೋಡಿದೆ. ಮನೆಯ ಯಾವ ಸಾಧನದ ಸಂಪರ್ಕ ಯಾವ ಹೊರಗಿನ ವಿಳಾಸದಲ್ಲಿ ಹೋಗುತ್ತಿದೆ ಅಂತ ರೂಟರ್ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ನಮ್ಮದು ಲಿನಕ್ಸ್ ಮೇಲೆ ಓಡುವ ರೂಟರ್. ಇಂಟರ್ನೆಟ್ ಫೋನ್ ಬಳಸುವ 5060ನೇ ಪೋರ್ಟಿನ ಸಾಲಿನಲ್ಲಿ ಇನ್ನೂ ನಮ್ಮ ಹಳೇ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ವಿಳಾಸ)! ಮೊನ್ನೆ ಮಳೆಗೆ ಲೈನ್ ಹೋಗಿ ಬಂದಾಗ ನಮಗೆ ಹೊಸ ವಿಳಾಸ ಸಿಕ್ಕಿತ್ತು. ರೂಟರ್ ಆರಿರಲಿಲ್ಲ, ಹಾಗಾಗಿ ಹಳೇ ಸಾಲು ಹಾಗೇ ಉಳಿದಿತ್ತು.

ಫೋನ್ ಮಾತಾಡುವುದು ಯುಡಿಪಿ ಎಂಬ ವಿಧಾನದಲ್ಲಿ. ಇಂಥ ಯುಡಿಪಿ ಸಾಲು 120 ಸೆಕೆಂಡ್ ಯಾರೂ ಮುಟ್ಟದಿದ್ದರೆ ತಾನೇ ಅಳಿಸಿಹೋಗುತ್ತದೆ. ಆದರೆ ಫೋನ್ 20 ಸೆಕೆಂಡಿಗೊಮ್ಮೆ "ನಾನಿದ್ದೀನಿ" ಅಂತ ಒಂದು ಪ್ಯಾಕೆಟ್, ಅಂದರೆ ಪುಟ್ಟ ಸಂದೇಶ, ಕಳಿಸುತ್ತಲೇ ಇತ್ತು. ಪ್ರತಿ ಸಲವೂ ಎಣಿಕೆ ಮತ್ತೆ ಮೊದಲಿಂದ ಶುರು. ಆ ಸಾಲು ನೋಡಿ ರೂಟರ್ ಪ್ಯಾಕೆಟ್ ಮೇಲೆ ಹಾಕುತ್ತಿದ್ದದ್ದು ಹಳೇ ವಿಳಾಸ, ಉತ್ತರ ನಮ್ಮ ಮನೆಗೆ ಬರುವುದು ಹೇಗೆ? ಎಡೆಬಿಡದೆ ಕರೆದದ್ದೇ ಅದಕ್ಕೆ ಅಡ್ಡಿಯಾಗಿತ್ತು. ಮೂರು ನಿಮಿಷ ಸುಮ್ನಿದ್ದಿದ್ದರೆ ದಾರಿ ತಾನೇ ತೆರೆಯುತ್ತಿತ್ತು, ಅಲ್ವಾ? ಯಾಕೋ ಇದು ಮನಸ್ಸಲ್ಲೇ ಉಳಿದುಬಿಟ್ಟಿತು.

ಈ ಪಟ್ಟಿಯನ್ನು ತಿದ್ದುವ ಕಾನ್‌ಟ್ರ್ಯಾಕ್ ಕಮಾಂಡ್ ಕೊಟ್ಟು ಆ ಒಂದು ಸಾಲು ಅಳಿಸಿದೆ. ಕಮಾಂಡ್ ಗೊತ್ತಿಲ್ಲದವರು ಫೋನಿನ ಪ್ಲಗ್ಗನ್ನು ಐದು ನಿಮಿಷ ಕಿತ್ತಿಟ್ಟರೂ ಸಾಕು. ಅರ್ಧ ನಿಮಿಷದೊಳಗೆ ಹಸಿರು ದೀಪ ಹತ್ತಿತು.

ಇವತ್ತು ಸಂಜೆ ಮೊದಲ ರಿಂಗಿಗೇ ಅಮ್ಮ ಎತ್ತಿದಳು.